ಒಳ ಕೇಂದ್ರಗೋಳ ಹಿಂದಕ್ಕೆ ತಿರುಗಿತೆಂಬ ಸುದ್ದಿಯ ಒಳಹೊರಗು

ಭೂಮಿಯ ನಟ್ಟನಡುವೆ ಇರುವ ಘನಲೋಹದ ಉಂಡೆಯಾದ ಒಳ ಕೇಂದ್ರಗೋಳ ತಿರುಗುವುದನ್ನು ನಿಲ್ಲಿಸಿದೆ, ಈಗ ವಿರುದ್ಧ ದಿಕ್ಕಿಗೆ ಸುತ್ತತೊಡಗಿದೆ ಎಂಬ ಸುದ್ದಿ 2023ರ ಜನವರಿಯಲ್ಲಿ ಜಗತ್ತಿನಾದ್ಯಂತ ಹರಿದಾಡಿತು. ಪೀಕಿಂಗ್ ವಿಶ್ವವಿದ್ಯಾಲಯದ ಯಾಂಗ್ ಯಿ ಮತ್ತು ಸಾಂಗ್ ಶಿಯಾವೊದಾಂಗ್ ಅವರು ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದು ಅದಕ್ಕೆ ಕಾರಣವಾಗಿತ್ತು. ಮರುವರ್ಷದ ಜೂನ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ವಿಡಾಲೆ, ವಾಂಗ್ ವೇ ಮತ್ತವರ ಸಹೋದ್ಯೋಗಿಗಳು ‘ನೇಚರ್’ನಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿದಾಗ ಅದೇ ಸುದ್ದಿ ಮತ್ತೆ ಬಂತು. 2025ರ ಫೆಬ್ರವರಿಯಲ್ಲಿ, ಒಳ ಕೇಂದ್ರಗೋಳದ ಮೇಲ್ಮೈಯೇ ಆಕಾರ ಬದಲಿಸುತ್ತಿರಬಹುದು ಎಂಬ ಮೂರನೆಯ ವರದಿ ಬಂದಾಗ ಅನೇಕ ಓದುಗರಿಗೆ ಇದರಲ್ಲಿ ಯಾವುದನ್ನು ನಂಬಬೇಕೆಂಬುದೇ ತಿಳಿಯದಾಯಿತು. ಈ ಗೊಂದಲಕ್ಕೆ ವಿಜ್ಞಾನಿಗಳ ಭಿನ್ನಾಭಿಪ್ರಾಯಕ್ಕಿಂತ ನಮ್ಮ ಮನಸ್ಸಿನಲ್ಲಿ ಉಳಿದಿರುವ ಶಾಲಾದಿನಗಳ ಚಿತ್ರವೇ ಹೆಚ್ಚು ಕಾರಣವೆಂದು ನನಗೆ ಅನ್ನಿಸುತ್ತದೆ. ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಎಂದು ಬಣ್ಣಬಣ್ಣದ ಮೂರು ವೃತ್ತಗಳನ್ನು ಬರೆದು, ಪಕ್ಕದಲ್ಲಿ ಸಿಯಾಲ್, ಸಿಮಾ, ನಿಫೆ ಎಂದು ಹೆಸರು ಗುರುತಿಸಿ ಅಂಕ ಪಡೆದ ನಮಗೆ ಆ ವೃತ್ತಗಳು ಒಂದಕ್ಕೊಂದು ಸಂಬಂಧವಿಟ್ಟುಕೊಂಡು ಚಲಿಸುತ್ತಿವೆ ಎಂಬುದನ್ನೂ, ಆ ಗೆರೆಗಳನ್ನು ಯಾರು ಹೇಗೆ ಕಂಡುಕೊಂಡರು ಎಂಬುದನ್ನೂ ಯಾರೂ ಹೇಳಿಕೊಡಲಿಲ್ಲ.

ಮೊದಲಿಗೆ ನಾವು ನಿಜವಾಗಿ ಎಷ್ಟು ಆಳಕ್ಕೆ ಇಳಿದಿದ್ದೇವೆ ಎಂಬುದನ್ನು ನೋಡಬೇಕು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರ್. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್ ಭಾಗ ಸುಮಾರು 3.2 ಕಿಲೋಮೀಟರ್ ಆಳಕ್ಕಿಳಿದಿತ್ತು, ಮತ್ತು ಅಲ್ಲಿನ ಬಂಡೆಯ ತಾಪ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1970ರಿಂದ ಕೊರೆಯುತ್ತ ಹೋದ ಬಾವಿ 1989ರಲ್ಲಿ 12,262 ಮೀಟರ್ ತಲುಪಿದಾಗ, 100 ಡಿಗ್ರಿ ಇರಬಹುದೆಂದು ಅಂದಾಜಿಸಿದ್ದ ಕಡೆ 180 ಡಿಗ್ರಿ ತಾಪ ಎದುರಾಗಿ ಕೆಲಸ ಮುಂದುವರಿಯಲಿಲ್ಲ. ಮನುಷ್ಯ ಕೊರೆದ ಈ ಅತ್ಯಂತ ಆಳವಾದ ತೂತು ಭೂಮಿಯ ತ್ರಿಜ್ಯದ ನೂರರಲ್ಲಿ ಒಂದು ಪಾಲಿನ ಕಾಲುಭಾಗವೂ ಅಲ್ಲ. ಅಲ್ಲಿಂದ ಕೆಳಗಿನದನ್ನೆಲ್ಲ ನಾವು ತಿಳಿದಿರುವುದು ಬಹುಮಟ್ಟಿಗೆ ಕೇಳಿಸಿಕೊಂಡು. ಹಲಸಿನ ಹಣ್ಣನ್ನು ಕೊಯ್ಯದೆ ಮೇಲಿನಿಂದ ತಟ್ಟಿ, ಹೊರಡುವ ಸದ್ದಿನಿಂದ ಒಳಗಿನ ಹದ ತಿಳಿಯುವ ಕ್ರಮವೇ ಇಲ್ಲಿಯೂ ನಡೆಯುತ್ತದೆ. ತಟ್ಟುವ ಕೆಲಸವನ್ನು ಮಾತ್ರ ಭೂಕಂಪಗಳು ಮಾಡುತ್ತವೆ.

ಈ ಕೇಳುವ ವಿದ್ಯೆಯ ಆರಂಭಕ್ಕೆ ಭಾರತದ ನಂಟಿದೆ. 1897ರ ಜೂನ್ 12ರಂದು ಅಸ್ಸಾಂ ಮತ್ತು ಶಿಲ್ಲಾಂಗ್ ಪ್ರದೇಶವನ್ನು ನಡುಗಿಸಿದ ಮಹಾಭೂಕಂಪವನ್ನು ಅಧ್ಯಯನ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ದೂರದ ಯೂರೋಪಿನ ಉಪಕರಣಗಳಲ್ಲಿ ದಾಖಲಾಗಿದ್ದ ಅದೇ ಕಂಪನವನ್ನು ಪರಿಶೀಲಿಸಿದಾಗ, ಮೊದಲು ತಲುಪುವ ಪ್ರಾಥಮಿಕ ಅಲೆಗಳು, ಅವುಗಳ ಹಿಂದೆ ಬರುವ ದ್ವಿತೀಯ ಅಲೆಗಳು, ಕೊನೆಗೆ ನೆಲದ ಮೇಲ್ಭಾಗದಲ್ಲೇ ಸಾಗಿ ಬರುವ ಅಲೆಗಳು ಎಂಬ ಮೂರು ಬಗೆ ಅವರಿಗೆ ಬೇರೆಬೇರೆಯಾಗಿ ಕಾಣಿಸಿದವು. ಪ್ರಾಥಮಿಕ ಅಲೆ ತಾನು ಸಾಗುವ ದಿಕ್ಕಿನಲ್ಲೇ ವಸ್ತುವನ್ನು ಒತ್ತಿ ಬಿಡುತ್ತ ಹೋಗುವುದರಿಂದ ಘನ, ದ್ರವ ಎರಡರಲ್ಲಿಯೂ ಸಾಗಬಲ್ಲದು. ದ್ವಿತೀಯ ಅಲೆಯಾದರೋ ವಸ್ತುವನ್ನು ಅಡ್ಡಡ್ಡಲಾಗಿ ಅಲುಗಿಸುತ್ತ ಹೋಗುತ್ತದೆ. ಅಡ್ಡಕ್ಕೆ ಎಳೆದಾಗ ಮತ್ತೆ ತನ್ನ ಆಕಾರಕ್ಕೆ ಮರಳುವ ಗುಣ ದ್ರವಕ್ಕಿಲ್ಲದ ಕಾರಣ ಅದು ದ್ರವದೊಳಗೆ ಹೊಕ್ಕು ಮುಂದುವರಿಯಲಾರದು. ಭೂಮಿಯ ಒಳಗಿನ ಬಗ್ಗೆ ನಾವು ಆಡುವ ಹೆಚ್ಚಿನ ಮಾತುಗಳಿಗೆ ಈ ಒಂದು ವ್ಯತ್ಯಾಸವೇ ಬುನಾದಿ. ಓಲ್ಡ್‌ಹ್ಯಾಮ್ ಅವರೇ 1906ರಲ್ಲಿ, ಭೂಮಿಯ ನಡುವೆ ಅಲೆಗಳನ್ನು ನಿಧಾನಗೊಳಿಸುವ ಬೇರೆಯದೇ ಆದ ಒಂದು ಗೋಳವಿದೆ ಎಂಬುದಕ್ಕೆ ಮೊದಲ ಸಾಕ್ಷ್ಯವನ್ನು ಮುಂದಿಟ್ಟರು.

ಅನಂತರದ ಮೂವತ್ತು ವರ್ಷಗಳಲ್ಲಿ ಇಂದಿನ ಪಠ್ಯಪುಸ್ತಕದ ವೃತ್ತಗಳು ಒಂದೊಂದಾಗಿ ಮೂಡಿದವು. 1909ರಲ್ಲಿ ಕ್ರೊಯೇಷಿಯಾದ ಆಂಡ್ರಿಯಾ ಮೊಹೊರೊವಿಚಿಚ್ ಅವರು ತಮ್ಮ ನಾಡಿನ ಭೂಕಂಪವೊಂದರ ದಾಖಲೆಗಳಲ್ಲಿ, ಹತ್ತಿರದ ದಾರಿ ಹಿಡಿದ ಅಲೆಗಿಂತ ಆಳಕ್ಕಿಳಿದು ಬಳಸಿಕೊಂಡು ಬಂದ ಅಲೆಯೇ ಬೇಗ ತಲುಪಿದ್ದನ್ನು ಗಮನಿಸಿ, ಕೆಳಗೆ ಅಲೆಗಳು ವೇಗವಾಗಿ ಓಡುವ ಬೇರೆ ಶಿಲೆಯಿದೆ ಎಂದು ನಿರ್ಣಯಿಸಿದರು. ಭೂಕವಚಕ್ಕೂ ಮ್ಯಾಂಟಲ್‌ಗೂ ನಡುವಿನ ಆ ಗಡಿಯನ್ನು ನಾವು ಮೊಹೊ ಸೀಮಾವಲಯವೆಂದು ಕರೆಯುತ್ತೇವೆ. ಜರ್ಮನಿಯ ಬೆನೊ ಗುಟೆನ್‌ಬರ್ಗ್ ಅವರು ಮ್ಯಾಂಟಲ್ ಮುಗಿದು ಕೇಂದ್ರಗೋಳ ಆರಂಭವಾಗುವ ಆಳವನ್ನು 2,900 ಕಿಲೋಮೀಟರ್ ಎಂದು ಲೆಕ್ಕಹಾಕಿದರು. ನೂರು ವರ್ಷಗಳ ಅಳತೆಗಳ ನಂತರವೂ ಆ ಸಂಖ್ಯೆ 2,891ಕ್ಕೆ ಬಂದು ನಿಂತಿದೆ ಎಂದರೆ ಅವರ ಲೆಕ್ಕದ ನಿಖರತೆಯನ್ನು ಊಹಿಸಬಹುದು. ಈ ಕೇಂದ್ರಗೋಳ ದ್ರವ ಸ್ಥಿತಿಯಲ್ಲಿರಲೇಬೇಕು ಎಂದು ಬ್ರಿಟನ್ನಿನ ಹೆರಾಲ್ಡ್ ಜೆಫ್ರೀಸ್ 1926ರಲ್ಲಿ ತೋರಿಸಿದರು. ಕೊನೆಯದಾಗಿ ಡೆನ್ಮಾರ್ಕಿನ ಇಂಗೆ ಲೆಹ್ಮನ್, 1929ರಲ್ಲಿ ನ್ಯೂಜಿಲೆಂಡಿನಲ್ಲಾದ ಭೂಕಂಪದ ದಾಖಲೆಗಳನ್ನು ಹಿಡಿದು ಕುಳಿತರು. ಭೂಕಂಪದ ಕೇಂದ್ರದಿಂದ (ಭೂಮಿಯ ನಡುಬಿಂದುವಿನಲ್ಲಿ ಅಳೆದ ಕೋನದ ಲೆಕ್ಕದಲ್ಲಿ) ಸುಮಾರು 104 ಡಿಗ್ರಿಯಿಂದ 140 ಡಿಗ್ರಿವರೆಗಿನ ಪ್ರದೇಶಕ್ಕೆ ನೇರ ಪ್ರಾಥಮಿಕ ಅಲೆಗಳು ತಲುಪುವುದಿಲ್ಲ, ಏಕೆಂದರೆ ದ್ರವದ ಗೋಳ ಅವುಗಳನ್ನು ಬಾಗಿಸಿಬಿಡುತ್ತದೆ. ಆದರೆ ಆ ಛಾಯಾವಲಯದೊಳಗೂ ಕ್ಷೀಣವಾದ ಕೆಲವು ಅಲೆಗಳು ದಾಖಲಾಗಿದ್ದವು. ಅವು ಇನ್ನೂ ಒಳಗಿರುವ ಮತ್ತೊಂದು ಗೋಳಕ್ಕೆ ತಾಗಿ ಬಂದವು ಎಂದು ಲೆಹ್ಮನ್ 1936ರಲ್ಲಿ ಬರೆದರು. ಗಣಕಯಂತ್ರವಿಲ್ಲದ ಕಾಲದಲ್ಲಿ, ಕಾಗದದ ಮೇಲಿನ ಗೆರೆಗಳನ್ನು ಕಣ್ಣಿನಲ್ಲೇ ಅಳೆದು ಕಂಡುಕೊಂಡ ಆ ಸಣ್ಣ ಗೋಳವೇ ಇಂದಿನ ಚರ್ಚೆಯ ಕೇಂದ್ರವಾಗಿರುವ ಒಳ ಕೇಂದ್ರಗೋಳ.

ಈಗ ಮೇಲಿನಿಂದ ಕೆಳಕ್ಕೆ ಇಳಿಯೋಣ. ಭೂಕವಚ ಸಾಗರಗಳ ಕೆಳಗೆ ಸುಮಾರು 7 ಕಿಲೋಮೀಟರ್ ದಪ್ಪದ ಬಸಾಲ್ಟ್ ಮತ್ತು ಗ್ಯಾಬ್ರೊ ಶಿಲೆಯ ಹಾಳೆಯಂತಿದ್ದು, ಖಂಡಗಳಲ್ಲಿ ಸಾಮಾನ್ಯವಾಗಿ 30ರಿಂದ 50 ಕಿಲೋಮೀಟರ್ ದಪ್ಪವಿರುತ್ತದೆ. ನಮ್ಮ ಕರ್ನಾಟಕವನ್ನೇ ತೆಗೆದುಕೊಂಡರೂ ಈ ದಪ್ಪ ಒಂದೇ ಸಮನಾಗಿಲ್ಲ: ಧಾರವಾಡ ಶಿಲಾಪ್ರದೇಶದ ಪೂರ್ವ ಭಾಗದಲ್ಲಿ ಮೊಹೊ ಸುಮಾರು 35 ಕಿಲೋಮೀಟರ್ ಆಳದಲ್ಲಿದ್ದರೆ, ಮೂರು ನೂರು ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳಿರುವ ಪಶ್ಚಿಮ ಭಾಗದಲ್ಲಿ ಅದು 40 ದಾಟಿ ಕೆಲವೆಡೆ 50 ಕಿಲೋಮೀಟರಿಗೂ ಇಳಿಯುತ್ತದೆ. ಸಿಯಾಲ್, ಸಿಮಾ ಎಂಬ ಪದಗಳು ಭೂಕಂಪದ ಅಲೆಗಳಿಂದ ಈ ಚಿತ್ರ ಸ್ಪಷ್ಟವಾಗುವುದಕ್ಕೆ ಮೊದಲಿನವು. ಅವುಗಳನ್ನು ಪದರಗಳ ಹೆಸರಾಗಿ ಬಾಯಿಪಾಠ ಮಾಡಿಸುವುದನ್ನು ಇನ್ನಾದರೂ ಕೈಬಿಡಬೇಕು.

ಭೂಮಿಯ ಗಾತ್ರದ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಆವರಿಸಿರುವುದು ಮ್ಯಾಂಟಲ್. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ಭೂಕವಚದ ಕೆಳಗೆಲ್ಲ ಕುದಿಯುವ ಶಿಲಾಪಾಕವಿದೆ, ನಾವು ಅದರ ಮೇಲೆ ತೇಲುತ್ತಿದ್ದೇವೆ ಎಂದು ಓದಿದವರೂ ಹೇಳುತ್ತಾರೆ. ಮ್ಯಾಂಟಲ್ ದ್ರವವಾಗಿದ್ದಿದ್ದರೆ ದ್ವಿತೀಯ ಅಲೆಗಳು ಅದನ್ನು ದಾಟುತ್ತಿರಲಿಲ್ಲ; ಅವು 2,891 ಕಿಲೋಮೀಟರ್ ಆಳದವರೆಗೂ ಸರಾಗವಾಗಿ ಇಳಿಯುತ್ತವೆ. ಮೇಲ್ಭಾಗದ ಕೆಲವೆಡೆ ಅಲ್ಪಸ್ವಲ್ಪ ಕರಗಿದ ಅಂಶವಿರುವುದನ್ನು ಬಿಟ್ಟರೆ ಮ್ಯಾಂಟಲ್ ಗಟ್ಟಿ ಬಂಡೆ. ಆದರೂ ಅದು ವರ್ಷಕ್ಕೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತದೆ. ಗಟ್ಟಿಯಾದದ್ದು ಹರಿಯುವುದು ಹೇಗೆ ಎಂಬ ಪ್ರಶ್ನೆಗೆ ಕಮ್ಮಾರನ ಕುಲುಮೆಯಲ್ಲಿ ಉತ್ತರವಿದೆ: ಕೆಂಪಗೆ ಕಾದ ಕಬ್ಬಿಣ ಕರಗಿರುವುದಿಲ್ಲ, ಆದರೂ ಸುತ್ತಿಗೆಯ ಏಟಿಗೆ ಬಾಗುತ್ತದೆ. ಕೋಟ್ಯಂತರ ವರ್ಷಗಳ ಕಾಲ ಕಾದು, ಒತ್ತಡಕ್ಕೆ ಸಿಕ್ಕ ಶಿಲೆಯೂ ಹಾಗೆಯೇ ನಿಧಾನವಾಗಿ ಜರುಗುತ್ತದೆ. ಸುಮಾರು 410 ಮತ್ತು 660 ಕಿಲೋಮೀಟರ್ ಆಳದಲ್ಲಿ ಅಲೆಗಳ ವೇಗ ಇದ್ದಕ್ಕಿದ್ದಂತೆ ಏರುತ್ತದೆ. ಅಲ್ಲಿ ಬೇರೆ ವಸ್ತು ಬಂದಿತೆಂದಲ್ಲ, ಒತ್ತಡ ಹೆಚ್ಚಿ ಆಲಿವಿನ್ ಎಂಬ ಖನಿಜದ ಹರಳುಗಳು ಇನ್ನಷ್ಟು ಒತ್ತಾಗಿ ಜೋಡಣೆಯಾಗುತ್ತವೆ. ಬ್ರೆಜಿಲಿನಲ್ಲಿ ಸಿಕ್ಕ ಒಂದು ಪುಟ್ಟ ವಜ್ರದೊಳಗೆ ಈ ಆಳದಲ್ಲಷ್ಟೇ ಹುಟ್ಟುವ ರಿಂಗ್‌ವುಡೈಟ್ ಎಂಬ ಖನಿಜವೂ, ಅದರ ಹರಳಿನ ರಚನೆಯಲ್ಲಿ ಶೇಕಡಾ ಒಂದಕ್ಕೂ ಹೆಚ್ಚು ನೀರಿನ ಅಂಶವೂ ಇದ್ದುದು 2014ರಲ್ಲಿ ವರದಿಯಾಯಿತು. ತಾನಾಗಿ ಮೇಲೆ ಬಂದ ಇಂಥ ತುಣುಕುಗಳು ಅಲೆಗಳ ಸಾಕ್ಷ್ಯಕ್ಕೆ ಸಿಗುವ ಅಪರೂಪದ ಬೆಂಬಲ.

ಮ್ಯಾಂಟಲ್‌ನ ತಳ ಸಮತಟ್ಟಾದ ಗೆರೆಯಲ್ಲ. ಆಫ್ರಿಕಾ ಮತ್ತು ಪೆಸಿಫಿಕ್ ಸಾಗರದ ಕೆಳಗೆ, ಕೇಂದ್ರಗೋಳದ ಮೇಲೆ ಕುಳಿತಂತೆ, ಅಲೆಗಳು ನಿಧಾನವಾಗುವ ಖಂಡದಷ್ಟು ದೊಡ್ಡ ಎರಡು ರಾಶಿಗಳಿವೆ. ಇವು ನಮಗೆ ಸಂಬಂಧಿಸದ ಪಾತಾಳದ ಸಂಗತಿಗಳಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ತುಸು ಕಡಿಮೆಯಿರುವುದರಿಂದ ಅಲ್ಲಿ ಸಮುದ್ರಮಟ್ಟ ಲೆಕ್ಕಾಚಾರದ ಸರಾಸರಿಗಿಂತ ಸುಮಾರು 106 ಮೀಟರ್ ತಗ್ಗಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಪ್ರಕಟಿಸಿದ ಅಧ್ಯಯನ, ಆಫ್ರಿಕಾದ ಕೆಳಗಿನ ರಾಶಿಯಿಂದ ಮೇಲೆದ್ದು ಈ ಕಡೆಗೆ ಹರಿದುಬಂದ ಬಿಸಿಯಾದ, ಹಗುರವಾದ ಮ್ಯಾಂಟಲ್ ವಸ್ತುವಿನಿಂದ ಈ ತಗ್ಗು ಉಂಟಾಗಿರಬಹುದೆಂದು ಕಂಪ್ಯೂಟರ್ ಮಾದರಿಗಳ ಮೂಲಕ ತೋರಿಸಿತು. ಒಂದು ಕಾಲದಲ್ಲಿ ಭಾರತಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಾಗರದ ತಳ ಮ್ಯಾಂಟಲ್‌ಗೆ ಮುಳುಗುತ್ತ ಹೋಗಿ ಆ ರಾಶಿಯನ್ನು ಕದಡಿತು ಎಂಬುದು ಅವರ ವಿವರಣೆ. ಭಾರತ ಉತ್ತರಕ್ಕೆ ಸಾಗಿಬಂದ ಕಥೆಯ ಇನ್ನೊಂದು ಅಧ್ಯಾಯ ನಮ್ಮ ಕಾಲ ಕೆಳಗಿನ ಸಾವಿರಾರು ಕಿಲೋಮೀಟರ್ ಆಳದಲ್ಲಿ ನಡೆದಿದೆ ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

2,891 ಕಿಲೋಮೀಟರ್ ದಾಟಿದೊಡನೆ ಲೋಕವೇ ಬದಲಾಗುತ್ತದೆ. ಸೆಕೆಂಡಿಗೆ 13 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬಂದ ಪ್ರಾಥಮಿಕ ಅಲೆ ಒಮ್ಮೆಲೇ 8 ಕಿಲೋಮೀಟರಿಗೆ ಇಳಿಯುತ್ತದೆ, ದ್ವಿತೀಯ ಅಲೆ ಅಲ್ಲಿಗೇ ನಿಲ್ಲುತ್ತದೆ, ಸಾಂದ್ರತೆ ಘನ ಸೆಂಟಿಮೀಟರಿಗೆ 5.6 ಗ್ರಾಂನಿಂದ 9.9 ಗ್ರಾಂಗೆ ಜಿಗಿಯುತ್ತದೆ. ಇದು ಹೊರ ಕೇಂದ್ರಗೋಳ: ಕರಗಿದ ಕಬ್ಬಿಣ, ಸ್ವಲ್ಪ ನಿಕ್ಕಲ್, ಜೊತೆಗೆ ಗಂಧಕ, ಆಮ್ಲಜನಕ, ಸಿಲಿಕಾನ್‌ನಂಥ ಹಗುರ ಧಾತುಗಳು. ಸುಮಾರು 2,260 ಕಿಲೋಮೀಟರ್ ದಪ್ಪದ ಈ ದ್ರವಲೋಹ ಹೆಚ್ಚು ಕಡಿಮೆ ನೀರಿನಷ್ಟೇ ಸಲೀಸಾಗಿ ಹರಿಯಬಲ್ಲದೆಂದು ಅಂದಾಜು. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಈ ಹರಿವಿನಿಂದ. ಕಾಂತೀಯ ಉತ್ತರ ಧ್ರುವ ಕೆನಡಾದಿಂದ ಸೈಬೀರಿಯಾದ ಕಡೆಗೆ ವೇಗವಾಗಿ ಸರಿಯುತ್ತಿದ್ದ ಕಾರಣ, ಹಡಗು, ವಿಮಾನ ಮತ್ತು ಮೊಬೈಲ್ ಫೋನ್‌ಗಳ ದಿಕ್ಸೂಚಿ ಅವಲಂಬಿಸಿರುವ ಜಾಗತಿಕ ಕಾಂತೀಯ ಮಾದರಿಯನ್ನು 2019ರಲ್ಲಿ ಅವಧಿಗೆ ಮುಂಚೆಯೇ ಪರಿಷ್ಕರಿಸಬೇಕಾಯಿತು.

ಅದರೊಳಗೆ, 5,150 ಕಿಲೋಮೀಟರ್ ಆಳದಲ್ಲಿ, ಸುಮಾರು 1,220 ಕಿಲೋಮೀಟರ್ ತ್ರಿಜ್ಯದ ಒಳ ಕೇಂದ್ರಗೋಳವಿದೆ. ಅಗಲದಲ್ಲಿ ಚಂದ್ರನ ಸುಮಾರು ಶೇಕಡಾ 70ರಷ್ಟು. ಅಲ್ಲಿಯ ತಾಪ 5,000 ಡಿಗ್ರಿಯ ಆಸುಪಾಸಿನಲ್ಲಿದ್ದೂ ಅದು ಘನವಾಗಿರುವುದು ಒತ್ತಡದಿಂದ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿಯಲ್ಲಿ ಕುದಿಯದೆ 120ರವರೆಗೆ ತಾಳುವಂತೆ, ಒತ್ತಡ ಹೆಚ್ಚಿದಷ್ಟೂ ಕಬ್ಬಿಣ ಕರಗಲು ಬೇಕಾದ ತಾಪವೂ ಏರುತ್ತದೆ. ಭೂಮಿಯ ನಡುಬಿಂದುವಿನಲ್ಲಿ ಆ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 36 ಲಕ್ಷ ಪಟ್ಟು. ಭೂಮಿ ತಣಿಯುತ್ತ ಹೋದಂತೆ ಹೊರ ಕೇಂದ್ರಗೋಳದ ದ್ರವ ಈ ಘನಗೋಳದ ಮೇಲೆ ಹೆಪ್ಪುಗಟ್ಟುತ್ತಿದ್ದು, ಅದರ ತ್ರಿಜ್ಯ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತಿದೆ. ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖ ಮತ್ತು ಹಗುರ ಧಾತುಗಳು ಮೇಲಿನ ದ್ರವವನ್ನು ಕಲಕುತ್ತ ಕಾಂತಕ್ಷೇತ್ರಕ್ಕೆ ಶಕ್ತಿ ಒದಗಿಸುತ್ತವೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸುದ್ದಿಯ ಅರ್ಥ ಬಿಚ್ಚಿಕೊಳ್ಳುತ್ತದೆ. ಒಳ ಕೇಂದ್ರಗೋಳ ಯಾವುದಕ್ಕೂ ಗಟ್ಟಿಯಾಗಿ ಅಂಟಿಕೊಂಡಿಲ್ಲ, ದ್ರವದ ನಡುವೆ ತೂಗಿಕೊಂಡಿದೆ. ಸುತ್ತಲಿನ ದ್ರವಲೋಹದ ಹರಿವು ಕಾಂತಬಲದ ಮೂಲಕ ಅದನ್ನು ಮುಂದಕ್ಕೆ ತಿರುಚುತ್ತದೆ. ಮ್ಯಾಂಟಲ್‌ನ ಭಾರವಾದ ರಾಶಿಗಳು ಗುರುತ್ವದ ಮೂಲಕ ಅದನ್ನು ತಮ್ಮ ಜೊತೆಗೆ ಹಿಡಿದಿಡುತ್ತವೆ. ಈ ಎರಡು ಎಳೆತಗಳ ನಡುವೆ ಅದು ಉಯ್ಯಾಲೆಯಂತೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ತೂಗಬಹುದು. ಮುಂದೆ ಹಿಂದೆ ಎನ್ನುವುದು ಮ್ಯಾಂಟಲ್‌ಗೆ ಹೋಲಿಸಿ ಮಾತ್ರ. ಹೆದ್ದಾರಿಯಲ್ಲಿ ಒಂದೇ ದಿಕ್ಕಿಗೆ ಓಡುತ್ತಿರುವ ಎರಡು ಬಸ್ಸುಗಳಲ್ಲಿ ಒಂದು ಸ್ವಲ್ಪ ನಿಧಾನವಾದರೆ, ಇನ್ನೊಂದರ ಕಿಟಕಿಯಿಂದ ನೋಡುವವರಿಗೆ ಅದು ಹಿಂದಕ್ಕೆ ಸರಿದಂತೆ ಕಾಣುತ್ತದೆ. ಎರಡೂ ಮುಂದಕ್ಕೇ ಓಡುತ್ತಿರುತ್ತವೆ. ಭೂಮಿ ವರ್ಷಕ್ಕೆ 1,31,400 ಡಿಗ್ರಿಗೂ ಹೆಚ್ಚು ತಿರುಗುತ್ತದೆ. ವಿವಾದವಿರುವುದು ಅದರಲ್ಲಿ ಒಂದು ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯ ವ್ಯತ್ಯಾಸದ ಬಗ್ಗೆ. ಒಳ ಕೇಂದ್ರಗೋಳ ಎಂದೂ ನಿಂತಿಲ್ಲ, ಸೂರ್ಯ ಪಶ್ಚಿಮದಲ್ಲಿ ಹುಟ್ಟುವಂಥ ಅರ್ಥದಲ್ಲಿ ಹಿಂದಕ್ಕೆ ತಿರುಗಿಯೂ ಇಲ್ಲ. ದಿನದ ಅವಧಿಯ ಮೇಲೆ ಇದರ ಪರಿಣಾಮ ಸೆಕೆಂಡಿನ ಸಾವಿರದ ಒಂದು ಭಾಗದ ಮಟ್ಟದ್ದು, ಗಾಳಿ ಮತ್ತು ಸಾಗರಗಳ ಚಲನೆಯಿಂದಾಗುವ ಏರಿಳಿತದಲ್ಲಿ ಮುಚ್ಚಿಹೋಗುವಷ್ಟು ಸಣ್ಣದು.

ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆದ ಬಗೆಯೇ ಈ ಇಡೀ ವಿಷಯದ ಸೊಗಸು. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ ಭೂಕಂಪಗಳು ಮತ್ತೆ ಮತ್ತೆ ಆಗುತ್ತವೆ, ಮತ್ತು ಅಲ್ಲಿಂದ ಅಲಾಸ್ಕಾಕ್ಕೆ ಹೋಗುವ ಅಲೆಗಳು ಒಳ ಕೇಂದ್ರಗೋಳವನ್ನು ಹಾದು ಹೋಗುತ್ತವೆ. 1996ರಲ್ಲಿ ಸಾಂಗ್ ಮತ್ತು ಪಾಲ್ ರಿಚರ್ಡ್ಸ್, ಮೂರು ದಶಕಗಳಲ್ಲಿ ಈ ಪ್ರಯಾಣದ ಕಾಲ ಸುಮಾರು 0.3 ಸೆಕೆಂಡ್ ಕಡಿಮೆಯಾಗಿದೆ ಎಂದು ಕಂಡು, ಒಳ ಕೇಂದ್ರಗೋಳ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಷ್ಟು ಮ್ಯಾಂಟಲ್‌ಗಿಂತ ಮುಂದೆ ಓಡುತ್ತಿದೆ ಎಂದರು. ಅನಂತರ ಅವಳಿ ಭೂಕಂಪಗಳ ವಿಧಾನ ಬಂತು: ಒಂದೇ ಜಾಗದಲ್ಲಿ, ಒಂದೇ ಬಗೆಯಲ್ಲಿ, ವರ್ಷಗಳ ಅಂತರದಲ್ಲಿ ನಡೆದ ಎರಡು ಭೂಕಂಪಗಳ ಅಲೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು. ಮ್ಯಾಂಟಲ್ ಮಾತ್ರ ದಾಟಿದ ಭಾಗ ತದ್ರೂಪವಾಗಿದ್ದು, ಒಳ ಕೇಂದ್ರಗೋಳ ದಾಟಿದ ಭಾಗ ಮಾತ್ರ ಬದಲಾಗಿದ್ದರೆ, ಬದಲಾದದ್ದು ಯಾವುದೆಂದು ಹೇಳಬಹುದು. ಈ ವಿಧಾನ 2005ರಲ್ಲಿ ಮೊದಲಿನ ಅಂದಾಜನ್ನು ವರ್ಷಕ್ಕೆ 0.3–0.5 ಡಿಗ್ರಿಯ ಮಟ್ಟಕ್ಕೆ ಇಳಿಸಿತು. ಆದರೆ ಈ ಅಲೆಗಳು 2009ರ ಸುಮಾರಿನಿಂದ ಹೆಚ್ಚು ಬದಲಾಗುತ್ತಿಲ್ಲ, ಅಂದರೆ ಗೋಳ ಮ್ಯಾಂಟಲ್‌ಗೆ ಸಮನಾಗಿ ತಿರುಗತೊಡಗಿದೆ ಎಂಬುದು ಯಾಂಗ್ ಮತ್ತು ಸಾಂಗ್ ಅವರ 2023ರ ವಾದ. ಸುಮಾರು 70 ವರ್ಷಗಳ ಒಂದು ತೂಗಾಟದಲ್ಲಿ ಇದೂ ಒಂದು ತಿರುವು ಎಂದು ಅವರು ಹೇಳಿದರು.

2024ರ ಪ್ರಬಂಧದ ಬಲ ಇರುವುದು ಇಲ್ಲಿಯೇ. ವಾಂಗ್ ಮತ್ತು ವಿಡಾಲೆ 1991ರಿಂದ 2023ರವರೆಗೆ ಸೌತ್ ಸ್ಯಾಂಡ್‌ವಿಚ್ ಬಳಿ ನಡೆದ, ಪರಸ್ಪರ ಹೋಲುವ 121 ಭೂಕಂಪಗಳನ್ನು ಪರಿಶೀಲಿಸಿದಾಗ, ಒಮ್ಮೆ ಬದಲಾಗಿದ್ದ ಅಲೆಯ ರೂಪ ಕೆಲವು ವರ್ಷಗಳ ನಂತರ ಮತ್ತೆ ಮೊದಲಿನ ರೂಪಕ್ಕೆ ಮರಳಿದ್ದು ಕಂಡಿತು. ಗೋಳ ತಾನು ಮೊದಲಿದ್ದ ಜಾಗಕ್ಕೇ ಹಿಂತಿರುಗಿದ್ದರೆ ಮಾತ್ರ ಹೀಗಾಗುವುದು ಸಹಜ. 2003ರಿಂದ 2008ರವರೆಗೆ ಮುಂದೆ ಸಾಗಿದ ಗೋಳ, ಆಮೇಲೆ ಎರಡು ಮೂರು ಪಟ್ಟು ನಿಧಾನವಾಗಿ ಅದೇ ದಾರಿಯಲ್ಲಿ ಹಿಂದೆ ಸರಿದಿದೆ ಎಂಬುದು ಅವರ ನಿರ್ಣಯ. ಬರೀ ಮೇಲ್ಮೈಯ ಬದಲಾವಣೆಯಿಂದಲೇ ಎಲ್ಲವನ್ನೂ ವಿವರಿಸಬಹುದು ಎಂಬ ವಾದ ಬಹುಕಾಲದಿಂದ ಇತ್ತು; ಅಲೆಗಳ ಈ ಮರಳುವಿಕೆಯನ್ನು ಆ ವಾದ ವಿವರಿಸುವುದು ಕಷ್ಟ. ಹೀಗಿದ್ದೂ ಅದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಅದೇ ತಂಡ 2025ರಲ್ಲಿ, ಗೋಳ ಒಂದೇ ಸ್ಥಾನದಲ್ಲಿದ್ದ ಎರಡು ಕಾಲಗಳ ಅಲೆಗಳನ್ನು ಹೋಲಿಸಿದಾಗ ಕೆನಡಾದ ಯೆಲ್ಲೋನೈಫ್ ಕೇಂದ್ರದ ದಾಖಲೆಗಳಲ್ಲಿ ಉಳಿದ ಸಣ್ಣ ವ್ಯತ್ಯಾಸಗಳನ್ನು ಗುರುತಿಸಿ, ಗೋಳದ ಮೇಲ್ಪದರ ಹೊರಗಿನ ದ್ರವದ ಹರಿವಿಗೆ ಸಿಕ್ಕಿ ಅಲ್ಲಲ್ಲಿ ಆಕಾರ ಬದಲಿಸುತ್ತಿರಬಹುದು ಎಂದಿತು. ನನ್ನ ಓದಿನಲ್ಲಿ ಈ ಮೂರು ಪ್ರಬಂಧಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ತೂಗಾಟ ನಡೆಯುತ್ತಿದೆ ಎಂಬುದು ಈಗ ಬಹುಮಟ್ಟಿಗೆ ಗಟ್ಟಿಯಾಗಿದೆ. ಅದರ ಅವಧಿ 70 ವರ್ಷವೋ, ವಿಡಾಲೆ ತಂಡ 2022ರಲ್ಲಿ ಸೂಚಿಸಿದ್ದಂತೆ 6 ವರ್ಷವೋ, ಇಲ್ಲವೇ ಎರಡೂ ಕೂಡಿದ್ದೋ ಎಂಬುದೇ ಉಳಿದಿರುವ ಪ್ರಶ್ನೆ.

ಯೆಲ್ಲೋನೈಫ್ ಹೆಸರನ್ನು ಓದಿದಾಗ ನನಗೆ ನೆನಪಾಗುವುದು ಗೌರಿಬಿದನೂರು. ನೆಲದಾಳದ ಪರಮಾಣು ಪರೀಕ್ಷೆಗಳನ್ನು ದೂರದಿಂದ ಪತ್ತೆಹಚ್ಚಬೇಕೆಂದು 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ ಮತ್ತು ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಿ ಒಂದೇ ಮಾದರಿಯ ಭೂಕಂಪಮಾಪಕಗಳ ಸಾಲುಗಳನ್ನು ಹೂಡಲಾಯಿತು. ಗೌರಿಬಿದನೂರಿನಲ್ಲಿ ಅದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಹೊಣೆ. ಅಲ್ಲಿನ ಹಳೆಯ, ಗಟ್ಟಿಯಾದ ಬಂಡೆನೆಲದ ಮೇಲೆ L ಅಕ್ಷರದಂತೆ ಚಾಚಿದ ಎರಡು ಸಾಲುಗಳಲ್ಲಿ, ತಲಾ ಸುಮಾರು 25 ಕಿಲೋಮೀಟರ್ ಉದ್ದಕ್ಕೆ ಮಾಪಕಗಳು ಹರಡಿಕೊಂಡಿವೆ. ಭೂಗೋಳದಲ್ಲಿ ಗೌರಿಬಿದನೂರಿನ ನೇರ ಎದುರುಬದಿ ಬೀಳುವುದು ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಪೆಸಿಫಿಕ್ ಸಾಗರದಲ್ಲಿ. ಹಾಗಾಗಿ ಪೆರುವಿನಲ್ಲಿ ನೆಲ ಬಲವಾಗಿ ನಡುಗಿದರೆ ಸುಮಾರು 20 ನಿಮಿಷಗಳಲ್ಲಿ ಗೌರಿಬಿದನೂರಿಗೆ ಬಂದು ಮುಟ್ಟುವ ಅಲೆ ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ ಎಲ್ಲವನ್ನೂ ದಾಟಿಯೇ ಬಂದಿರುತ್ತದೆ.

ಬಾಂಬುಗಳನ್ನು ಕೇಳಲು ಹೂಡಿದ ಉಪಕರಣಗಳು ಈ ಸಂಶೋಧನೆಗೆ ಒದಗಿಬಂದದ್ದು ಆಕಸ್ಮಿಕವಲ್ಲ. ವಿಡಾಲೆ ಮತ್ತು ವಾಂಗ್ 2022ರಲ್ಲಿ ಬಳಸಿದ್ದೇ 1969 ಮತ್ತು 1971ರಲ್ಲಿ ಅಲಾಸ್ಕಾದ ಆಮ್ಚಿಟ್ಕಾ ದ್ವೀಪದಲ್ಲಿ ಅಮೆರಿಕ ನಡೆಸಿದ ಪರಮಾಣು ಸ್ಫೋಟಗಳ ಹಳೆಯ ದಾಖಲೆಗಳನ್ನು. ಅರ್ಧ ಶತಮಾನದ ಹಿಂದೆ ಯಾರೋ ಬೇರೆ ಉದ್ದೇಶಕ್ಕೆ ಬರೆದಿಟ್ಟ ಗೆರೆಗಳು ಇಲ್ಲದಿದ್ದರೆ, ಆ ಕಾಲದಲ್ಲಿ ಒಳ ಕೇಂದ್ರಗೋಳ ಯಾವ ಕಡೆಗೆ ಜರುಗುತ್ತಿತ್ತು ಎಂದು ಕೇಳುವ ದಾರಿಯೇ ಇರುತ್ತಿರಲಿಲ್ಲ. ಯಾಂಗ್ ಮತ್ತು ಸಾಂಗ್ ಅವರ ಲೆಕ್ಕ ಸರಿಯಿದ್ದರೆ 1970ರ ದಶಕದ ಆರಂಭದಲ್ಲಿ ಒಂದು ತಿರುವು ಆಗಿತ್ತು, ಮುಂದಿನದು 2040ರ ದಶಕದ ನಡುವೆ ಬರಬೇಕು. ಆ ಹೊತ್ತಿಗೆ ಸೌತ್ ಸ್ಯಾಂಡ್‌ವಿಚ್‌ನಿಂದ ಬರುವ ಅಲೆಗಳನ್ನು ಹೋಲಿಸಿ ನೋಡಲು ಬೇಕಾಗುವ ಹಳೆಯ ದಾಖಲೆಗಳು ಈ ವರ್ಷ, ಈ ತಿಂಗಳು ಯೆಲ್ಲೋನೈಫ್‌ನಂಥ ಕೇಂದ್ರಗಳ ಮಾಪಕಗಳಲ್ಲಿ ಮೂಡುತ್ತಿರುವ ಗೆರೆಗಳೇ ಆಗಿರುತ್ತವೆ.